ದೊರೆಯ ಹತ್ತೊಂಬತ್ತು ಚಿತ್ರಗಳು

ಕಳೆದ ವಾರ ನಮ್ಮ ಗೇಟಿಗೆ ಪೈಂಟ್ ಹೊಡೆಯುವವನು ಬ್ರಶ್ ತೊಳೆಯಲು ಟರ್ಪೆಂಟೈನ್ ಡಬ್ಬ ತೆರೆದ. ವಾಸನೆ ಮೂಗಿಗೆ ಬಡಿಯಿತು. ದೊರೆಯ ನೆನಪಾಯಿತು. ನೆನಪು ಮಾಡಿಕೊಳ್ಳಬೇಕೆಂದು ಕೂತವಳಲ್ಲ ನಾನು.

ನಾನು ಓದಿದ್ದು ಮೂರನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳಿ.

ದೊರೆ ಇಂಗ್ಲೆಂಡಿನವರು. ನಮ್ಮೂರ ಬಿಜೈಯಲ್ಲಿ ಒಂದು ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದು ಆರು ವರ್ಷ ಇದ್ದರು. ಚಿತ್ರ ಬರೆಯುವುದೇ ಕೆಲಸ. ದೊಡ್ಡ ಹೆಸರೇನೂ ಇರಲಿಲ್ಲ. ಅವರ ಊರಿನಲ್ಲೂ ಅವರನ್ನು ಕೇಳುವವರಿಲ್ಲ ಎಂದು ಅವರೇ ಹೇಳಿದ್ದರು. ನಾನು ಗೇರುಬೀಜದ ಕಾರ್ಖಾನೆ ಬಿಟ್ಟು ಅವರ ಅಡುಗೆಗೆ ಸೇರಿದವಳು. ನಾನು ದೊರೆ ಎನ್ನುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ, ಮೀನಿನವಳು ಕರೆಯುವುದನ್ನು ಕೇಳಿ ಅವರೂ ನನ್ನನ್ನು ಅಕ್ಕ ಎನ್ನಲು ಕಲಿತರು.

ಕೆಲಸದಲ್ಲಿ ಭಾರೀ ನಿಧಾನ. ಉಳ್ಳಾಲದ ಕಡಲ ಬದಿಯಲ್ಲಿ ಕೊಡೆ ಹಿಡಿದು ಕೂತರೆ ಮಧ್ಯಾಹ್ನದ ಊಟ ಸಂಜೆಗೆ. ಕುದ್ರೋಳಿಯ ಒಂದು ಪಾಚಿ ಹಿಡಿದ ಗೋಡೆಯನ್ನು ಹನ್ನೊಂದು ದಿನ ಬರೆದರು. ಒಮ್ಮೆ ನಾನು ತಂದ ಬಂಗುಡೆ ಮೀನನ್ನೇ ತಟ್ಟೆಯಲ್ಲಿಟ್ಟು ಬರೆಯಲು ಕೂತರು.

"ಎಂತ ದೊರೆ, ಅದು ನಾರುವವರೆಗೆ ಬರೆಯುವುದಾ? ನಾನು ಊಟಕ್ಕೆ ಪದಾರ್ಥ ಮಾಡುವುದು ಯಾವಾಗ ಮಾರಾಯ್ರೆ?"

"ಬಾಲ ಒಂದು ಬಾಕಿ ಉಂಟು ಅಕ್ಕ. ತಲೆ ಬೇಕಾದರೆ ತೆಗೆದುಕೊಂಡು ಹೋಗಿ."

ಆಮೇಲೆ ಅವರ ದೇಶದಿಂದ ಕಾಗದ ಬಂತು. ಅವರೊಬ್ಬರದ್ದೇ ಚಿತ್ರಗಳ ಪ್ರದರ್ಶನ ಮಾಡುತ್ತಾರಂತೆ. ಅರವತ್ತರ ಹತ್ತಿರದ ಮನುಷ್ಯನಿಗೆ ಅದು ಮೊದಲನೆಯದು. ಆರು ವರ್ಷದ ಕೆಲಸದಲ್ಲಿ ಉಳಿದದ್ದು ಹತ್ತೊಂಬತ್ತು. ಮನಸ್ಸಿಗೆ ಬಾರದ್ದನ್ನೆಲ್ಲ ಕೆರೆದು ಅದರ ಮೇಲೆಯೇ ಬೇರೆ ಬರೆಯುತ್ತಿದ್ದರು. ಅಲ್ಲಿಯ ಏರ್ಪಾಡು ನೋಡಿ ಬರುತ್ತೇನೆಂದು ಮಳೆಗಾಲಕ್ಕೆ ಮೊದಲು ಹೊರಟರು. ಕೆಲವುಗಳ ಬಣ್ಣ ಒಣಗಿರಲಿಲ್ಲ. ಹಾಗಾಗಿ ಆಮೇಲೆ ಒಟ್ಟಿಗೆ ಒಯ್ಯುವುದೆಂದು ಎಲ್ಲವನ್ನೂ ಇಲ್ಲೇ ಬಿಟ್ಟರು.

"ನೋಡಿಕೊಳ್ಳಿ ಅಕ್ಕ. ಎದುರು ಬದಿ ಮಾತ್ರ ಮುಟ್ಟಬೇಡಿ."

ಎದುರು ಬದಿ ನಾನು ಮುಟ್ಟಲಿಲ್ಲ.

ಆಟಿ ತಿಂಗಳ ಜೋರು ಮಳೆಯಲ್ಲಿ ಗೋಡೆಗೆ ಗೆದ್ದಲು ಹತ್ತಿತು. ಒಂದು ಚಿತ್ರದ ಚೌಕಟ್ಟಿನ ಮೂಲೆಯನ್ನು ತಿಂದಿತ್ತು. ನಮ್ಮಲ್ಲಿ ಹೆಂಚಿನ ಮಾಡಿನ ಮರಕ್ಕೆ, ದೋಣಿಗೆ ಗೇರುಬೀಜದ ಸಿಪ್ಪೆಯ ಕಪ್ಪು ಎಣ್ಣೆ ಹಚ್ಚುತ್ತಾರೆ. ಗೆದ್ದಲು ಆ ಕಡೆ ಸುಳಿಯುವುದಿಲ್ಲ. ಕಾರ್ಖಾನೆಯಿಂದ ಒಂದು ಡಬ್ಬ ತಂದೆ. ಹತ್ತೊಂಬತ್ತಕ್ಕೂ, ಚೌಕಟ್ಟಿಗೂ ಚಿತ್ರದ ಬಟ್ಟೆಯ ಹಿಂಬದಿಗೂ ಎರಡೆರಡು ಸಲ ಎಳೆದೆ. ಆ ಎಣ್ಣೆಗೆ ಕೈಯ ಚರ್ಮ ಸುಲಿಯಿತು. ಒಳ್ಳೆಯ ಕೆಲಸವಾಯಿತು ಎಂದುಕೊಂಡು, ಚಿತ್ರಗಳಿಗೆ ಹಳೆಯ ಸೀರೆ ಮುಚ್ಚಿ ಕೋಣೆಗೆ ಬೀಗ ಹಾಕಿದೆ.

ದೊರೆ ಬಂದು ಸೀರೆ ಎಳೆದಾಗ... ಎಣ್ಣೆ ಬಟ್ಟೆಯಲ್ಲಿ ಇಳಿದು ಎದುರಿಗೆ ಬಂದಿತ್ತು. ಉಳ್ಳಾಲದ ಕಡಲು ಕಪ್ಪು. ಕುದ್ರೋಳಿಯ ಗೋಡೆ ಕಪ್ಪು. ಬಂಗುಡೆ ಎಲ್ಲಿತ್ತೆಂದೇ ತಿಳಿಯಲಿಲ್ಲ.

"ಎಂತ ಹಚ್ಚಿದ್ದು ಅಕ್ಕ?"

ಹೇಳಿದೆ. ಒಂದೊಂದನ್ನೇ ತಿರುಗಿಸಿ ಹಿಂಬದಿ ನೋಡಿದರು.

"ಗೆದ್ದಲು ಆಮೇಲೆ ಬರಲಿಲ್ಲ ಅಲ್ವಾ?"

"ಇಲ್ಲ ದೊರೆ."

"ಹಾಗಾದರೆ ನೋಡಿಕೊಂಡಿದ್ದೀರಿ."

ಅದು ಬೈದದ್ದೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ತಪ್ಪಾಯಿತು ಎನ್ನಬೇಕಿತ್ತು. ಎನ್ನಲಿಲ್ಲ. ಅನ್ನ ಬಡಿಸಿದೆ. ತಿಂದರು.

ಚಿತ್ರಗಳಿಲ್ಲ, ಬರುವುದಿಲ್ಲ ಎಂದು ಅವರ ದೇಶಕ್ಕೆ ಕಾಗದ ಹಾಕಿದರು. ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಲು ನನಗೆ ಹೇಳಿದರು. ಎಣ್ಣೆ ಕುಡಿದ ಬಟ್ಟೆ, ಚೆನ್ನಾಗಿ ಉರಿಯಿತು. ಎರಡು ವಾರ ಅವರ ಸ್ನಾನದ ನೀರು ಅದರಲ್ಲೇ ಕಾಯಿತು. ದೀಪಾವಳಿಗೆ ಮೊದಲು ಮನೆ ಬಿಟ್ಟು ಹೋದರು. ಮತ್ತೆ ಸುದ್ದಿ ಇಲ್ಲ...

ನಿನ್ನೆ ಮೊಮ್ಮಗಳಿಗೆ ಅವರ ಹೆಸರು ಹೇಳಿ ಮೊಬೈಲಿನಲ್ಲಿ ನೋಡಲು ಹೇಳಿದೆ. ನಾಲ್ಕು ಸಾಲು ಸಿಕ್ಕಿತು. ಹುಟ್ಟಿದ್ದು, ಶಾಲೆಯಲ್ಲಿ ಚಿತ್ರ ಕಲಿಸಿದ್ದು, ಸತ್ತದ್ದು. ಇಂಡಿಯಾದಲ್ಲಿ ಬರೆದವು ಎಲ್ಲಿವೆಯೆಂದು ಯಾರಿಗೂ ಗೊತ್ತಿಲ್ಲವಂತೆ.

"ನಿಮಗೆ ಗೊತ್ತುಂಟಾ ಅಜ್ಜಿ?"

"ನನಗಲ್ಲದೆ ಮತ್ತೆ ಯಾರಿಗೆ," ಎಂದು ಎಲ್ಲ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಅವಳು ಮೊಬೈಲ್ ಕೆಳಗಿಟ್ಟು, ಆ ಹತ್ತೊಂಬತ್ತರಲ್ಲಿ ಏನೇನಿತ್ತು ಎಂದು ಕೇಳಿದಳು.

ಬೆರಳು ಮಡಚುತ್ತ ಹೇಳಿದೆ. ಏಳು ಆಯಿತು. ಉಳಿದ ಹನ್ನೆರಡು ಎಷ್ಟು ಯೋಚಿಸಿದರೂ ಬರಲಿಲ್ಲ. ಅವೂ ಹೋದವು.