ಮೆಣಸಿಲ್ಲದ ಮೀನು ಸಾರು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹೊಟ್ಟೆಯ ಉರಿ, ಹುಣ್ಣಿಗೆ ಔಷಧಿ ಮಾರುವ ಕಂಪನಿಯೊಂದರ ಪ್ರತಿನಿಧಿಯಾಗಿದ್ದೆ. ಒಮ್ಮೆ ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ, ಪಕ್ಕದಲ್ಲಿದ್ದ ಕಾಪುವಿನ ದೋಣಿಯವರೊಬ್ಬರು ನನ್ನ ಕೈಯ ಕರಪತ್ರವನ್ನು ಗುರುತಿಸಿದರು. ಅದರಲ್ಲಿ ಕೆಂಪು ಮೆಣಸಿನ ಚಿತ್ರಕ್ಕೆ ಅಡ್ಡಗೀಟು ಹಾಕಿತ್ತು.

“ಇದನ್ನು ನಂಬಿ ಮೂರು ವರ್ಷ ಮೆಣಸಿಲ್ಲದ ಮೀನು ಸಾರು ತಿಂದೆ ಮಾರಾಯ್ರೆ, ಹುಣ್ಣು ಹೋಗಲಿಲ್ಲ. ಈಗ ಮಣಿಪಾಲದ ಡಾಕ್ಟರು, ಹೊಟ್ಟೆಯಲ್ಲಿ ಎಂತದೋ ಕ್ರಿಮಿ ಇರಬಹುದು, ಕೊಳವೆ ಇಳಿಸಿ ನೋಡುವ ಎನ್ನುತ್ತಾರೆ. ನನ್ನ ಅಪ್ಪ ಹೋದದ್ದು ಹೊಟ್ಟೆಯ ಕ್ಯಾನ್ಸರಿನಲ್ಲಿ. ಅದಕ್ಕೂ ಕ್ರಿಮಿಯೇ ಕಾರಣವಾ?”

“ಕೆಲವು ವೈದ್ಯರಿಗೆ ಹಾಗೊಂದು ಸಂಶಯ ಉಂಟು, ಖಚಿತವಿಲ್ಲ. ನೀವು ತೋರಿಸಿಕೊಳ್ಳಿ.”

“ನೀವಾದರೆ ಕೊಳವೆ ನುಂಗುತ್ತೀರಾ?”

“ನುಂಗುತ್ತೇನೆ.”

ಕಾರ್ಕಳದ ಟಿಕೆಟು ಕೈಯಲ್ಲಿದ್ದರೂ ಅವರು ಮಣಿಪಾಲದಲ್ಲೇ ಇಳಿದುಬಿಟ್ಟರು. ಬಸ್ಸು ಹೊರಟ ಮೇಲೆ ನಾನು ಚೀಲದಿಂದ ಸ್ಯಾಂಪಲ್ ಬಾಟಲಿ ತೆಗೆದು, ಎಂದಿನಂತೆ ಎರಡು ಗುಟುಕು ಕುಡಿದೆ.