ಬೆಲ್ಟ್ ಕಿತ್ತುಹೋದ ಮೇಲೆ ರಂಗನ ಗ್ಯಾರೇಜಿಗೆ

ಹಿರೀಸಾವೆ ದಾಟಿ ಎರಡು ಕಿಲೋಮೀಟರ್ ಆಗಿರಲಿಲ್ಲ. ಟಪ್ ಅಂತ ಒಂದು ಸದ್ದು. ಓಡುತ್ತಿದ್ದ ಕಾರಿನ ಎಂಜಿನ್ ನಿಂತೇಹೋಯಿತು.

ಏನಾಯಿತೆಂದು ತಕ್ಷಣ ಹೊಳೆಯಿತು. ಮೂರು ವರ್ಷದ ಹಿಂದೆಯೇ ರಂಗೇಗೌಡ ಹೇಳಿದ್ದ.

ರಂಗ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತವನು. ಈಗ ಚನ್ನರಾಯಪಟ್ಟಣದಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಅವನು ಬೈಯದೆ ನನ್ನ ಕಾರು ಸರ್ವೀಸ್ ಆದದ್ದಿಲ್ಲ, ನಾನು ಚೌಕಾಸಿ ಮಾಡದೆ ಬಿಲ್ ಕೊಟ್ಟದ್ದೂ ಇಲ್ಲ. (ಚೌಕಾಸಿ ಮಾಡಿಯೇ ಸ್ವಾಮಿ, ಹಾಸನದಲ್ಲಿ ನಾನು ಅಂಗಡಿ ಕಟ್ಟಿದ್ದು.)

"ಲೇ, ಟೈಮಿಂಗ್ ಬೆಲ್ಟ್ ಕಿಲೋಮೀಟರ್ ಮುಗ್ದೈತೆ ಕಣ್ಲಾ. ಆಕ್ಸ್‌ಬುಡು," ಅಂದಿದ್ದ ಅವತ್ತು.

"ಚೆನ್ನಾಗೇ ಓಡ್ತೈತಲ್ಲೋ. ಬೆಲ್ಟ್ ಮಾರೋಕೆ ಎದರಿಸ್ತೀಯಾ?" ಅಂದೆ. ಅದೂ ನಾಲ್ಕು ಗಿರಾಕಿಗಳ ಎದುರಿಗೆ.

ರಂಗ ಬಾನೆಟ್ ಮುಚ್ಚಿ ಕೀ ನನ್ನ ಕೈಗಿಟ್ಟ. ನಾನೂ ಬಿಗುಮಾನದಲ್ಲಿ ಬೇರೆ ಗ್ಯಾರೇಜ್ ಹಿಡಿದೆ. ಅಲ್ಲಿ ಬೆಲ್ಟಿನ ಸುದ್ದಿ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ನನ್ನಿಂದಲಾದರೂ ಕಲಿಯಿರಿ. ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವುದು ನಿಮ್ಮ ಕಾರಿನಲ್ಲಿ ಬೆಲ್ಟೋ ಚೈನೋ, ಮೊದಲು ಕೇಳಿಕೊಳ್ಳಿ. ಚೈನ್ ಸಡಿಲವಾದರೆ ಸಾಮಾನ್ಯವಾಗಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕಟಕಟ ಅನ್ನುತ್ತದೆ; ಆಗ ತೋರಿಸಿದರೆ ಸಾಕು. ಬೆಲ್ಟ್ ಎಚ್ಚರಿಕೆ ಕೊಡುವುದೇ ಅಪರೂಪ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್, ಇಲ್ಲವೇ ಇಷ್ಟು ವರ್ಷ ಅಂತಿರುತ್ತದೆ. ಯಾವುದು ಮೊದಲೋ ಅದಕ್ಕೇ ಬದಲಿಸಿ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡಿರಾ? ಬೆಲ್ಟ್ ಬದಲಿಸಿದ ಹಳೇ ಬಿಲ್ ಇಲ್ಲದಿದ್ದರೆ ಕೊಂಡ ವಾರವೇ ಹೊಸದು ಹಾಕಿಸಿ.

"ಎಲ್ಲಿಗೆ ಎಳ್ಕೊಂಡೋಗ್ಲಿ ಸಾ?" ಅಂದ ಟೋಯಿಂಗ್ ಗಾಡಿಯವನು.

ನನ್ನ ಬಾಯಿಗೆ ಬಂದದ್ದು ರಂಗನ ಗ್ಯಾರೇಜೇ. ಎಷ್ಟು ಬೈಯಬಹುದು? ಏನೇನು ಬೈಯಬಹುದು? ನಿಜ ಹೇಳಲಾ, ಆ ಬೈಗುಳಕ್ಕಾಗಿ ದಾರಿಯುದ್ದಕ್ಕೂ ಹಂಬಲಿಸುತ್ತಿದ್ದೆ.

ರಂಗ ಕವರ್ ಬಿಚ್ಚಿ ನೋಡಿದ. "ಬೆಲ್ಟ್ ಕಿತ್ತೋಗೈತೆ. ವಾಲ್ವ್‌ಗಳು ಬೆಂಡಾಗಿರ್ತವೆ, ಎಂಜಿನ್ ಮೇಲಿನ ಎಡ್ಡೇ ಬಿಚ್ಬೇಕು. ಎಂಟ್ ದಿನ ಬುಟ್ಟು ಬನ್ನಿ ಸಾ."

ಬನ್ನಿ ಸಾ! ನನಗೆ!

ಎಂಟು ದಿನ ಬಿಟ್ಟು ಹೋದೆ. ಬಿಲ್ ನೋಡಿ, ಬೇಕೆಂದೇ ಅರ್ಧಕ್ಕೆ ಕೇಳಿದೆ. ಹಿಂದೆ ಹೀಗೆ ಕೇಳಿದ್ದರೆ ಸ್ಪ್ಯಾನರ್ ಎತ್ತಿಕೊಂಡೇ ಬರುತ್ತಿದ್ದ.

"ನಿಮ್ಮಿಷ್ಟ ಸಾ. ತಿಳಿದಷ್ಟು ಕೊಡಿ," ಅಂದು ಇನ್ನೊಂದು ಕಾರಿನ ಕಡೆ ತಿರುಗಿದ.

ಪೂರ್ತಿ ಕೊಟ್ಟು ಬಂದೆ. ಕಾರು ಈಗ ಹೊಸದರಂತೆ ಓಡುತ್ತಿದೆ. ಆದರೆ ರಂಗನ ಬಾಯಲ್ಲಿ ಇನ್ನೊಂದು ಸಲ 'ಲೇ' ಅನ್ನಿಸಿಕೊಳ್ಳಲು ಎಷ್ಟು ಕೊಡಬೇಕು, ನೀವೇ ಹೇಳಿ?