ಗಡ್ಡೆ ಅಗೆಯುವವರು

ಜೀವವೈವಿಧ್ಯ ದಾಖಲೆಗೆ ಊರೂರು ತಿರುಗಿ ಫಾರಂ ತುಂಬುವ ಕೆಲಸ ಸಿಕ್ಕಿತ್ತು. ಶಾಲೆಗೆ ಹೋಗದೆ ಅಕ್ಷರ ಕಲಿತವಳು ನಾನು. ಬರೆದದ್ದನ್ನು ಎದುರಿನವರಿಗೆ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿರಲಿಲ್ಲ.

ಕುಂಚಾವರಂ ಕಾಡಿನಲ್ಲಿ ಗಡ್ಡೆ ಅಗೆದು ಬದುಕುವ ಎಲ್ಲಮ್ಮನಿಗೂ ಓದಿದೆ: ‘ಕಾಡಿಗೆ ಅಪಾಯ: ಗಡ್ಡೆ ಅಗೆಯುವವರು.’ ಜೊತೆಗೆ ಬಂದಿದ್ದ ಸರ್ವೆ ಸಾಹೇಬರು ಹೇಳಿ ಬರೆಸಿದ ಸಾಲು ಅದು.

“ಹಿಂಗ ಬರದ್ರ ನಾಳೆ ನನಗ ಕಾಡಾಗ ಬಿಡ್ತಾರೇನು, ತಂಗಿ?” ಎಂದಳು. ಆಕೆ ಹಾರೆಯಿಂದ ಅಗೆದು ಗಡ್ಡೆ ಮುರಿದುಕೊಂಡಳು. ಬಳ್ಳಿಯ ಬುಡವನ್ನು ಮತ್ತೆ ಕುಣಿಯೊಳಗಿಟ್ಟು, ಮಣ್ಣು ಮುಚ್ಚಿ ತುಳಿದಳು. “ನಮ್ಮವ್ವನೂ ಇದೇ ಬಳ್ಳಿ ಅಗದಾಳ. ಇದನ್ನೂ ಬರಿ.”

“ಅದಕ್ಕೆ ಕಾಲಂ ಇಲ್ಲ,” ಎಂದರು ಸಾಹೇಬರು. “ಬೇಕಾದರೆ ಹಾಳೆಯ ಹಿಂದೆ ಬರೀರಿ.”

“ಹಿಂದ ಬರದದ್ದು ಯಾರು ಓದ್ತಾರ್ರೀ?” ಎಂದೆ.

“ಯಾರೂ ಓದಲ್ಲ.”

ಅವರ ಸಾಲು ಹೊಡೆದುಹಾಕಿ, ಅಲ್ಲೇ ಎಲ್ಲಮ್ಮನ ಮಾತು ಬರೆದು ಓದಿದೆ. ಆಕೆ ಹೆಬ್ಬೆಟ್ಟು ಒತ್ತಿದಳು.

ಮುಂದಿನ ಸರ್ವೆಗೆ ನನ್ನನ್ನು ಕರೆಯಲಿಲ್ಲ. ಎಲ್ಲಮ್ಮನನ್ನು ಕಾಡಿನಿಂದ ಯಾರೂ ಹೊರಗೆ ಹಾಕಲಿಲ್ಲ. ನಾನು ಬರೆದದ್ದಕ್ಕೋ, ಹಾಳೆಯ ಮುಂಭಾಗವನ್ನೂ ಯಾರೂ ಓದದೆ ಇದ್ದದ್ದಕ್ಕೋ ತಿಳಿಯದು; ಬರೆದದ್ದಕ್ಕೇ ಎಂದು ನಾನಂತೂ ಹೇಳಿಕೊಳ್ಳುತ್ತೇನೆ.